ಎರಡೂ ಕೈ ಅಗಲಿಸಿ

ಜನವರಿ 9

ಸೂಜಿಯಪ್ಪಾ,

ಹೊಸ ವರ್ಷದ ಶುಭಾಶಯ ಬರೆಯೋಣವೆಂದು ಕೂತೆ. ಆದರೆ ಸುದ್ದಿ ಶುಭದ್ದಲ್ಲ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದೂ ಅಲ್ಲ. ಫೋನು ಮಾಡಬಾರದಿತ್ತೇ ಎನ್ನಬೇಡ. ಮೂವತ್ತೊಂದು ವರ್ಷ ಕ್ರೇನಿನ ಮೋಟಾರಿನ ಪಕ್ಕದಲ್ಲಿದ್ದ ಕಿವಿ ಇದು. ನೀನು ಹೇಗಿದ್ದೀಯ ಎಂದರೆ ನಾನು ಊಟ ಆಯಿತು ಎನ್ನುತ್ತೇನೆ. ಅದೂ ಅಲ್ಲದೆ ಈ ವಿಷಯವನ್ನು ಫೋನಿನಲ್ಲಿ ಕಿರುಚಿದರೆ ಪಕ್ಕದ ಮನೆಯವರು ನಾಳೆಯಿಂದ ನನ್ನ ಮುಖ ನೋಡಿ ನಗುತ್ತಾರೆ.

ಹೋದ ಗುರುವಾರ ಬೆಳಿಗ್ಗೆ ಕಕ್ಕಸಿನಲ್ಲಿ ರಕ್ತ ಹೋಯಿತು. ಒಂದೆರಡು ತೊಟ್ಟಲ್ಲ, ಒಂದು ಲೋಟದಷ್ಟು. ನೋವಿಲ್ಲ, ಉರಿಯಿಲ್ಲ. ಗೋಡೆ ಹಿಡಿದುಕೊಂಡು ಐದು ನಿಮಿಷ ನಿಂತೆ. ಆಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆದು, ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಹೋದೆ. ಮೂಲವ್ಯಾಧಿ ಇರಬೇಕು, ಅಲ್ಲವಾ? ಕೂತು ಮಾಡುವ ಕೆಲಸ, ನೂರಾ ಹನ್ನೆರಡು ಮೆಟ್ಟಿಲ ಮೇಲಿನ ಕ್ಯಾಬಿನ್, ಅಲ್ಲಿ ಕಕ್ಕಸಿಲ್ಲ. ಬೆಳಿಗ್ಗೆ ಎರಡು ಚೂರು ಬ್ರೆಡ್ಡು, ನೀರು ಗಂಟಲು ಒದ್ದೆಯಾಗುವಷ್ಟು, ಸಂಜೆಯವರೆಗೆ ತಡೆದುಕೊಳ್ಳುವುದು. ಈ ವ್ರತ ನಿನಗೆ ಗೊತ್ತಿದ್ದದ್ದೇ.

ಮರಿಗೆ ಹೇಳಿಲ್ಲ. ಕೆಳಗೆ ನಿಂತು ನನಗೆ ಸನ್ನೆ ಮಾಡುವವಳೇ ಅವಳು. ಅಪ್ಪನ ಹೊಟ್ಟೆ ಕೆಟ್ಟಿದೆ ಎಂದು ತಿಳಿದರೆ ಎರಡೂ ಕೈ ಅಗಲಿಸಿ ನಿಲ್ಲಿಸು ಎನ್ನುತ್ತಾಳೆ. ಆ ಸನ್ನೆ ಯಾರು ಮಾಡಿದರೂ ಕ್ರೇನು ನಿಲ್ಲಲೇಬೇಕು, ಕಸ ಗುಡಿಸುವವಳು ಮಾಡಿದರೂ ಸರಿ. ನಮ್ಮ ಯಾರ್ಡಿನಲ್ಲಿ ಎಲ್ಲರಿಗೂ ಸಮನಾಗಿ ಸಿಕ್ಕಿರುವ ಅಧಿಕಾರ ಅದೊಂದೇ.

ನಿನ್ನ ಕೋಣೆಗೆ ಬಂದಿರುವ ಹೊಸ ಕಂಪೌಂಡರ್ ಒಳ್ಳೆಯವನು. ತಾನೇ ಗಾಳಿ ತುಂಬಿಕೊಳ್ಳುವ ಮಿಷಿನ್ನು ಇಟ್ಟಿದ್ದಾನೆ. ಮೊನ್ನೆ ನನ್ನ ಬಿಪಿ 166 ತೋರಿಸಿತು. ನಿನ್ನ ರಿಜಿಸ್ಟರ್ ಹಿಂದೆ ಮುಂದೆ ತಿರುವಿ ನೋಡಿ, ಒಂಬತ್ತು ವರ್ಷದಿಂದ ನೂರಮೂವತ್ತರ ಆಸುಪಾಸಿನಲ್ಲೇ ಇರುವವರಿಗೆ ಇದು ಹೇಗೆ ಬರುತ್ತೆ, ಮಿಷಿನ್ನೇ ಸರಿಯಿಲ್ಲ ಎಂದು 132 ಬರೆದುಕೊಂಡ. ನಾನು ಹೂಂ ಎಂದು ಎದ್ದು ಬಂದೆ. ನೀನು ಹೋದ ಮೇಲೂ ನಿನ್ನ ಕೈ ಕೆಲಸ ಮಾಡುತ್ತಿದೆ ಕಣೋ.

ನಿನ್ನ
ಹದ್ದು


ಜನವರಿ 17

ಹದ್ದೇ,

ನಿನ್ನ ಪತ್ರದ ಕೊನೆಯ ಸಾಲು ಓದಿ ನಗು ಬರಲಿಲ್ಲ.

ಕೇಳಿದ್ದಕ್ಕೆ ನೇರವಾಗಿ ಉತ್ತರ ಬರೆ. ರಕ್ತ ಕೆಂಪಗಿತ್ತೋ ಕಪ್ಪಗಿತ್ತೋ? ಆಮೇಲೆ ಮತ್ತೆ ಹೋಯಿತೋ? ಎದ್ದಾಗ ತಲೆ ಸುತ್ತುತ್ತದೆಯೋ? ಬಿಪಿ ಮಾತ್ರೆ ದಿನಾ ತೆಗೆದುಕೊಳ್ಳುತ್ತೀಯೋ, ಅಥವಾ ಉಚ್ಚೆ ಜಾಸ್ತಿಯಾಗುತ್ತದೆಂದು ರಜದ ದಿನ ಮಾತ್ರವೋ? ಮೂಲವ್ಯಾಧಿಯಲ್ಲಿ ಲೋಟದಷ್ಟು ಹೋಗುವುದು ಅಪರೂಪ. ನಾನು ಡಾಕ್ಟರಲ್ಲ, ಗಾಯ ಕಟ್ಟಿ, ಮಾತ್ರೆ ಎಣಿಸಿ ಕೊಟ್ಟು ಮುದುಕನಾದ ಕಂಪೌಂಡರ್. ಆದರೂ ಹೇಳುತ್ತೇನೆ, ದೊಡ್ಡಾಸ್ಪತ್ರೆಗೆ ಹೋಗು.

ಬೆನ್ನು ನೋವಿಗೆಂದು ನಾನು ಕೊಡುತ್ತಿದ್ದ ಮಾತ್ರೆ ಇನ್ನೂ ನುಂಗುತ್ತಿದ್ದರೆ ಇವತ್ತೇ ನಿಲ್ಲಿಸು. ಅದು ರಕ್ತ ಹೋಗುವುದನ್ನು ಹೆಚ್ಚು ಮಾಡುತ್ತದೆ.

ನಾನಿರುವುದು ತಂಗಿಯ ಮನೆಯ ಮಹಡಿಯಲ್ಲಿ. ಕೆಳಗೆ ಅವಳ ಗಂಡನ ದರ್ಜಿ ಅಂಗಡಿ, ದಿನವಿಡೀ ಹೊಲಿಗೆ ಮಿಷಿನ್ನಿನ ಸದ್ದು. ನಿವೃತ್ತಿಯ ದಿನ ನೀವೆಲ್ಲ ಸೇರಿ ಕೊಟ್ಟ ಗಡಿಯಾರವನ್ನು ಅವಳು ಬಾಗಿಲಿನ ಎದುರಿಗೇ ತೂಗುಹಾಕಿದ್ದಾಳೆ. 'ಮೂವತ್ತು ವರ್ಷ ಒಂದೂ ತಪ್ಪಿಲ್ಲದೆ ರಿಜಿಸ್ಟರ್ ಬರೆದವರಿಗೆ.' ಬಂದವರಿಗೆಲ್ಲ ಅದನ್ನು ಓದಿ ಹೇಳುತ್ತಾಳೆ. ನಾನು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋಗುತ್ತೇನೆ.

ಬೇಗ ಬರೆ.

ಸೂಜಿ


ಫೆಬ್ರವರಿ 3

ಸೂಜಿಯಪ್ಪಾ,

ನಿನ್ನ ಪತ್ರ ತಲುಪುವಷ್ಟರಲ್ಲಿ ನಾನೇ ಆಸ್ಪತ್ರೆ ತಲುಪಿದ್ದೆ. ಈಗ ಮನೆಯಲ್ಲಿದ್ದೇನೆ, ಗಾಬರಿಯಾಗಬೇಡ.

ಇಪ್ಪತ್ತೆರಡನೇ ತಾರೀಕು, ಹನ್ನೊಂದು ಗಂಟೆ ಹೊತ್ತು. ಕೊಕ್ಕೆಯಲ್ಲಿ ಕಬ್ಬಿಣದ ತೊಲೆಗಳ ಕಟ್ಟು ತೂಗುತ್ತಿತ್ತು. ಸೀಟು ಬೆಚ್ಚಗಾದಂತೆ ಆಯಿತು. ಕೈ ಹಾಕಿ ನೋಡಿದೆ, ರಕ್ತ. ತೊಲೆಗಳನ್ನು ಇಳಿಸದೆ ನಾನು ಇಳಿಯುವ ಹಾಗಿಲ್ಲವಲ್ಲ. ಮರಿ ಕೆಳಗಿನಿಂದ ಮೆಲ್ಲಗೆ, ಇನ್ನೂ ಮೆಲ್ಲಗೆ ಎಂದು ಬೆರಳು ಆಡಿಸುತ್ತಿದ್ದಳು. ಅವಳು ಹೇಳಿದ ಜಾಗದಲ್ಲೇ ಇಟ್ಟೆ, ಒಂದಿಂಚು ಆಚೀಚೆ ಆಗಲಿಲ್ಲ. ಆಮೇಲೆ ಮೆಟ್ಟಿಲಿಳಿದೆ. ಎಪ್ಪತ್ತರವರೆಗೆ ಎಣಿಸಿದ್ದು ನೆನಪಿದೆ. ಕೆಳಗೆ ಬಂದಾಗ ನನ್ನ ಪ್ಯಾಂಟು ನೋಡಿ ಮರಿ ತನ್ನ ಕೋಟು ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿದಳು. ಚಿಕ್ಕವಳಿದ್ದಾಗ ನಾನು ಅವಳಿಗೆ ಟವೆಲ್ ಸುತ್ತುತ್ತಿದ್ದದ್ದು ಹಾಗೆಯೇ. ನಾಚಿಕೆಯಿಂದ ಸತ್ತೇಹೋದೆ ಕಣೋ.

ಐದು ದಿನ ಇಟ್ಟುಕೊಂಡರು, ಎರಡು ಬಾಟಲಿ ರಕ್ತ ಕೊಟ್ಟರು. ಎಲ್ಲಿಂದ ಎಂದು ಕೇಳಬೇಡ, ಕೊಳವೆ ತೂರಿಸಿ ಕರುಳು ನೋಡಿದರು. ಕಾಯಿಲೆಯ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ, ಮರಿ ಬರೆದುಕೊಂಡಿದ್ದಾಳೆ: ಡೈವರ್ಟಿಕ್ಯುಲೋಸಿಸ್. ದೊಡ್ಡ ಕರುಳಿನ ಗೋಡೆ ಅಲ್ಲಲ್ಲಿ ತೆಳುವಾಗಿ ಹೊರಕ್ಕೆ ಉಬ್ಬಿ ಸಣ್ಣ ಸಣ್ಣ ಚೀಲಗಳಾಗಿವೆಯಂತೆ, ಹಳೆಯ ಸೈಕಲ್ ಟ್ಯೂಬು ಉಬ್ಬುತ್ತದಲ್ಲ, ಹಾಗೆ. ಪ್ರತಿ ಚೀಲದ ಪಕ್ಕದಲ್ಲೂ ರಕ್ತನಾಳ. ಅಂಥದ್ದೊಂದು ಒಡೆದಿತ್ತು. ಈ ಸಲ ತಾನಾಗಿಯೇ ನಿಂತಿತು. ಸೊಪ್ಪು, ತರಕಾರಿ, ಹಣ್ಣು, ಬೇಕಾದಷ್ಟು ನೀರು, ಬಂದಾಗ ಹೋಗುವುದು, ತಡೆದುಕೊಳ್ಳಬಾರದು. ಐವತ್ತೊಂಬತ್ತನೇ ವಯಸ್ಸಿನಲ್ಲಿ ಕಕ್ಕಸಿಗೆ ಹೋಗುವುದನ್ನು ಹೊಸದಾಗಿ ಕಲಿಯುತ್ತಿದ್ದೇನೆ.

ಇನ್ನೊಂದು ಮಾತು. ಅಲ್ಲಿ ನೋಡಿದಾಗ ಬಿಪಿ 188 ಇತ್ತು. ಡಾಕ್ಟರಮ್ಮ ಹುಬ್ಬು ಗಂಟು ಹಾಕಿ, ಬಿಪಿ ಜಾಸ್ತಿ ಇರುವವರಿಗೆ ಈ ಚೀಲಗಳಿಂದ ರಕ್ತ ಹೋಗುವುದು ಹೆಚ್ಚು, ಮೊದಲಿನಿಂದ ಇದೆಯಾ ಎಂದು ಕೇಳಿದರು. ಮರಿ ನಮ್ಮ ಯಾರ್ಡಿನ ಕಾರ್ಡು ತೆಗೆದು ತೋರಿಸಿದಳು. ಅವರು ಅದನ್ನು ಸಾಲು ಸಾಲಾಗಿ ಓದಿ, "ಇಷ್ಟು ನೀಟಾಗಿ ಬರೆದಿರೋ ಕಾರ್ಡು ನಾನು ನೋಡೇ ಇಲ್ಲ. ಆಸ್ಪತ್ರೆ ಅಂದ್ರೆ ಗಾಬರಿ ಆಗಿರತ್ತೆ, ಅದಕ್ಕೇ ಏರಿದೆ" ಎಂದರು. ಮುಂಜಾಗ್ರತೆಗೆಂದು ಬಿಪಿಗೆ ಅರ್ಧ ಮಾತ್ರೆ ಬರೆದುಕೊಟ್ಟಿದ್ದಾರೆ, ಮೂರು ತಿಂಗಳು ಬಿಟ್ಟು ಬರಬೇಕಂತೆ.

ನಾನು ಸುಮ್ಮನಿದ್ದೆ.

ಹದ್ದು


ಫೆಬ್ರವರಿ 11

ಹದ್ದೇ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಊಟ ಸೇರಲಿಲ್ಲ. ತಂಗಿ ಏನಾಯಿತೆಂದು ಕೇಳಿದಳು, ಹೊಟ್ಟೆ ಸರಿಯಿಲ್ಲ ಎಂದೆ.

ಆ ಡಾಕ್ಟರಮ್ಮ ಮೆಚ್ಚಿದ ಕಾರ್ಡು ಸುಳ್ಳಿನ ಕಂತೆ ಎಂದು ನನಗೂ ಗೊತ್ತು, ನಿನಗೂ ಗೊತ್ತು. ನಾಳೆಯೇ ಹೋಗಿ ಹೇಳು. ಒಂಬತ್ತು ವರ್ಷದಿಂದ ಬಿಪಿ ಇದೆ, ಬೇರೆ ಡಾಕ್ಟರು ಕೊಟ್ಟ ಮಾತ್ರೆಯನ್ನು ಕೆಲಸದ ದಿನ ತೆಗೆದುಕೊಂಡಿಲ್ಲ, ನೋವಿನ ಮಾತ್ರೆ ಬೇಕಾದಷ್ಟು ನುಂಗಿದ್ದೇನೆ ಎಂದು ಹೇಳು. ಅರ್ಧ ಮಾತ್ರೆ ನಿನಗೆ ಯಾವ ಮೂಲೆಗೂ ಸಾಲದು. ತೆಳುವಾದ ಗೋಡೆ, ಅದರ ಪಕ್ಕದ ನಾಳ, ಒಳಗೆ ನೂರಾ ಎಂಬತ್ತೆಂಟು. ಮುಂದಿನದನ್ನು ನನ್ನ ಕೈಯಲ್ಲಿ ಬರೆಸಬೇಡ.

ಶುರುವಾದದ್ದು ಹೇಗೆಂದು ನೆನಪಿದೆಯಾ? ಮರಿಯ ಅಮ್ಮ ಹೋಗಿ ಹದಿಮೂರು ದಿನ ಆಗಿತ್ತು. ನೀನು ನನ್ನ ಕೋಣೆಗೆ ಬಂದು ತೋಳು ಚಾಚಿದೆ. 172, ಕೆಳಗಿನದು 104. ನೂರೈವತ್ತು ದಾಟಿದವನು ಮೇಲೆ ಹತ್ತುವಂತಿಲ್ಲ, ನಿಯಮ ಗೋಡೆಯ ಮೇಲೆಯೇ ಇತ್ತು. ನಾನು ಪೆನ್ನು ಎತ್ತಿದಾಗ ನೀನು ಹೇಳಿದೆ: "ಕೆಳಗೆ ಎಲ್ಲರೂ ನನ್ನ ಮುಖ ನೋಡ್ತಾರೆ ಕಣೋ. ಅಳೋದಕ್ಕೆ ಅಂತ ನನಗೆ ಇರೋದು ಆ ಕ್ಯಾಬಿನ್ ಒಂದೇ." ನಾನು 130 ಎಂದು ಬರೆದೆ. ಒಂದು ತಿಂಗಳ ಮಟ್ಟಿಗೆ ಎಂದುಕೊಂಡಿದ್ದೆ. ಎರಡನೇ ಸಲ ಅಷ್ಟು ಯೋಚಿಸಲಿಲ್ಲ. ಆಮೇಲೆ ಅದು ರೂಢಿಯಾಯಿತು. ಅಳತೆ ನೋಡುವ ಮೊದಲೇ ಬರೆದಿಟ್ಟ ತಿಂಗಳೂ ಉಂಟು.

ನೀನು ಹೇಳದಿದ್ದರೆ ನಾನೇ ಡಾಕ್ಟರಿಗೆ ಬರೆಯುತ್ತೇನೆ.

ಸೂಜಿ


ಫೆಬ್ರವರಿ 26

ಸೂಜಿ,

ಬರೆದೆಯೋ, ನಮ್ಮ ಸ್ನೇಹ ಅಲ್ಲಿಗೆ ಮುಗಿಯಿತು ಎಂದುಕೋ.

ಏನು ಬರೆಯುತ್ತೀ? ಹೆಣ ಹೊತ್ತು ಬಂದ ಗೆಳೆಯನ ಮೇಲೆ ಕನಿಕರಪಟ್ಟೆ ಎಂದೋ? ಅವರು ಅದನ್ನು ಓದುತ್ತಾರೆಯೇ? ಸುಳ್ಳು ಬರೆದ ಎಂದಷ್ಟೇ ಓದುತ್ತಾರೆ. ನಿನ್ನ ಗಡಿಯಾರ ಗೋಡೆಯಿಂದ ಇಳಿಯುತ್ತದೆ. ನನ್ನನ್ನು ಕೆಳಗಿಳಿಸಿ ಉಗ್ರಾಣದಲ್ಲಿ ಬೋಲ್ಟು ಎಣಿಸಲು ಕೂರಿಸುತ್ತಾರೆ. ಇನ್ನು ಎಂಟು ತಿಂಗಳು ನನಗೆ. ಮರಿಗೆ ಕ್ರೇನು ಪರವಾನಗಿಯ ಪರೀಕ್ಷೆ ಮೇ ತಿಂಗಳಲ್ಲಿದೆ. ಒಂದೇ ಒಂದು ದಿನ ಅವಳು ಮೇಲೆ ಕೂತು, ನಾನು ಕೆಳಗೆ ನಿಂತು ಸನ್ನೆ ಮಾಡಬೇಕು. ಅಪ್ಪ ಕಳ್ಳ ಅಂಕಿಯಲ್ಲಿ ಕೆಲಸ ಮಾಡಿದವನು ಎಂದು ಯಾರ್ಡೆಲ್ಲ ಆಡಿಕೊಂಡರೆ ಅವಳು ಹೇಗೆ ತಲೆಯೆತ್ತುತ್ತಾಳೆ?

ಸೊಪ್ಪು ತಿನ್ನುತ್ತಿದ್ದೇನೆ, ಎತ್ತಿನ ಹಾಗೆ. ನೀರಿನ ಬಾಟಲಿ ಮೇಲಕ್ಕೆ ಒಯ್ಯುತ್ತೇನೆ, ಒಂದು ಮುಚ್ಚಳದ ಬಕೆಟ್ಟನ್ನೂ. ಅದನ್ನು ದಿನಾ ನೂರಾ ಹನ್ನೆರಡು ಮೆಟ್ಟಿಲು ಹೊತ್ತು ಇಳಿಯುವಾಗ ಊಟದ ಡಬ್ಬಿಯ ಹಾಗೆ ಗಂಭೀರವಾಗಿ ಹಿಡಿದುಕೊಳ್ಳುತ್ತೇನೆ. ಇದಕ್ಕಿಂತ ಹೆಚ್ಚು ನನ್ನಿಂದ ಕೇಳಬೇಡ.

ಕೋಪದಲ್ಲಿ ಏನಾದರೂ ಬರೆದಿದ್ದರೆ ಹೊಟ್ಟೆಗೆ ಹಾಕಿಕೋ. ಆದರೆ ಡಾಕ್ಟರಿಗೆ ಬರೆಯಬೇಡ.

ಹದ್ದು


ಮಾರ್ಚ್ 14

ಹದ್ದೇ,

ನಿನ್ನ ಮಾತಿನಂತೆಯೇ ಆಗಲಿ.

ಇಲ್ಲಿ ಬಿಸಿಲು ಏರುತ್ತಿದೆ. ಮಹಡಿಯ ಕೋಣೆ ಮಧ್ಯಾಹ್ನ ಕಾದ ಹೆಂಚಿನಂತಾಗುತ್ತದೆ. ತಂಗಿಯ ಗಂಡ ನನಗೊಂದು ತೆಳು ಬಟ್ಟೆಯ ಅಂಗಿ ಹೊಲಿದುಕೊಟ್ಟ. ಮಾತ್ರೆ ಮಾತ್ರ ದಿನಾ ತೆಗೆದುಕೋ. ಅರ್ಧವಾದರೂ ಸರಿ.

ಸೂಜಿ


ಏಪ್ರಿಲ್ 20

ಸೂಜಿಯಪ್ಪಾ,

ನೀನು ಬರೆಯುವುದನ್ನು ಕಡಿಮೆ ಮಾಡಿದ್ದೀಯ. ನಾನು ಬೈದದ್ದಕ್ಕೋ?

ನಾನು ಚೆನ್ನಾಗಿದ್ದೇನೆ. ತಲೆಯ ಹಿಂಭಾಗ ಆಗಾಗ ಭಾರವಾಗುತ್ತದೆ, ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತೇನೆ, ಅಷ್ಟೇ. ಮೊನ್ನೆ ಒಂದು ದಿನ ಸ್ವಲ್ಪ ರಕ್ತ ಕಾಣಿಸಿತ್ತು, ತಾನಾಗಿಯೇ ನಿಂತಿತು. ಮರಿಗೆ ಹೇಳಲಿಲ್ಲ, ಪರೀಕ್ಷೆಗೆ ಓದುತ್ತಿದ್ದಾಳೆ.

ಮೇಲಿನಿಂದ ನೋಡಿದರೆ ಅವಳು ಒಂದು ಹಳದಿ ಟೋಪಿ, ಎರಡು ಕೈ, ಅಷ್ಟೇ. ಅವಳ ಅಮ್ಮ ತೀರಿಕೊಂಡ ವರ್ಷ ನಾನು ಮೇಲೆ ಕೂತು ಅತ್ತದ್ದೆಲ್ಲ ಅವಳಿಗೆ ಗೊತ್ತಿತ್ತಂತೆ. ಮೊನ್ನೆ ಊಟ ಮಾಡುವಾಗ ಹೇಳಿದಳು. ಶಾಲೆ ಬಿಟ್ಟ ಮೇಲೆ ಗೇಟಿನ ಹೊರಗೆ ನಿಂತು ಕ್ರೇನು ನೋಡುತ್ತಿದ್ದಳಂತೆ. ಕೊಕ್ಕೆ ಸುಮ್ಮನೆ ತೂಗುತ್ತಿದ್ದರೆ ಅಪ್ಪ ಅಳುತ್ತಿದ್ದಾನೆ ಎಂದುಕೊಳ್ಳುತ್ತಿದ್ದಳಂತೆ. ನಾನು ಬಚ್ಚಿಟ್ಟೆ ಅಂದುಕೊಂಡದ್ದೆಲ್ಲ ಊರಿಗೇ ಕಾಣುವಷ್ಟು ಎತ್ತರದಲ್ಲಿತ್ತು ನೋಡು.

ಒಮ್ಮೆ ಬಂದು ಹೋಗು. ನೀನು ಪಂಪು ಒತ್ತುವಾಗ ತೋಳಿಗೆ ಬರುವ ಆ ಬಿಗಿ, ಆಮೇಲೆ ಕಿವಿಯ ಹತ್ತಿರವೇ ನಿನ್ನ ಪಿಸುಮಾತು, 'ಆಯ್ತು ಇಳಿಸ್ತೀನಿ.' ಹೊಸಬನ ಮಿಷಿನ್ನು ಏನೂ ಹೇಳುವುದಿಲ್ಲ.

ನಿನ್ನ
ಹದ್ದು


ಮೇ 29

ಮಾಮ,

ತಂತಿಯಂತೆ ನಾಲ್ಕೇ ಮಾತಿನಲ್ಲಿ ತಿಳಿಸಿದ್ದಕ್ಕೆ ಕ್ಷಮಿಸಿ. ಅವತ್ತು ಫೋನಿನಲ್ಲಿ ನನಗೆ ಮಾತು ಹೊರಡಲಿಲ್ಲ. ನಿಮಗೆ ಜ್ವರವಿತ್ತು, ಬರಲಾಗಲಿಲ್ಲ ಎಂದು ನಿಮ್ಮ ತಂಗಿ ಹೇಳಿದರು. ಅಪ್ಪ ಹೇಗೆ ಹೋದರೆಂದು ನೀವು ತಿಳಿಯಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೊಂದನೇ ತಾರೀಕು ಬೆಳಿಗ್ಗೆ ಆರೂವರೆ. ನಾನು ಒಲೆಯ ಮುಂದಿದ್ದೆ. ಕಕ್ಕಸಿನಿಂದ ನನ್ನನ್ನು ಕೂಗಿದರು. ಬಾಗಿಲು ತೆಗೆದಾಗ ನೆಲವೆಲ್ಲ ರಕ್ತ, ಅವರು ಗೋಡೆಗೆ ಒರಗಿ ಕೂತಿದ್ದರು. ಆಂಬುಲೆನ್ಸ್‌ನಲ್ಲಿ ನನ್ನ ಕೈ ಹಿಡಿದುಕೊಂಡು, "ನೆಲ ತೊಳೆದು ಬರಬೇಕಿತ್ತು" ಎಂದರು. ಕೊನೆಯ ಮಾತು ಅದೇ. ಆಸ್ಪತ್ರೆ ತಲುಪಿದ ಮೇಲೆ ಒಂದು ಗಂಟೆಯೂ ಉಳಿಯಲಿಲ್ಲ. ಡಾಕ್ಟರಮ್ಮ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು. "ಬಿಪಿ ಇಲ್ಲದವರಿಗೆ ಇಷ್ಟು ಬೇಗ ಹೀಗಾಗಿದ್ದು ನನಗೆ ಅರ್ಥವೇ ಆಗ್ತಿಲ್ಲಮ್ಮ" ಎಂದರು. ತಾವೇನೋ ತಪ್ಪು ಮಾಡಿದ ಹಾಗೆ ಮುಖ ಮಾಡಿಕೊಂಡಿದ್ದರು. ಪಾಪ ಅನ್ನಿಸಿತು.

ಅಪ್ಪ ನಿಮ್ಮ ಪತ್ರಗಳನ್ನೆಲ್ಲ ಕಟ್ಟಿ ತಮ್ಮ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಾನು ಬಿಚ್ಚಿಲ್ಲ, ನಿಮ್ಮಿಬ್ಬರ ನಡುವಿನದು. ಬೇಕಾದರೆ ಕಳಿಸುತ್ತೇನೆ. ನೀವಿದ್ದಿದ್ದರೆ ಅಪ್ಪನಿಗೆ ಹೀಗಾಗಲು ಬಿಡುತ್ತಿರಲಿಲ್ಲ ಎಂದು ಯಾರ್ಡಿನಲ್ಲಿ ಎಲ್ಲರೂ ಹೇಳುತ್ತಾರೆ.

ನಾನು ಪರೀಕ್ಷೆ ಪಾಸಾದೆ. ಇಪ್ಪತ್ತಮೂರಕ್ಕೆ ಫಲಿತಾಂಶ ಬಂತು. ಹೇಳೋಣವೆಂದು ಅಪ್ಪನ ಕೋಣೆಗೆ ಹೋಗಿ, ಮಂಚದ ಹತ್ತಿರ ನಿಂತ ಮೇಲೆ ನೆನಪಾಯಿತು.

ದೇಹ ಪರೀಕ್ಷೆಯಲ್ಲಿ ನನ್ನ ಬಿಪಿ 158 ಬಂತು. ಮನೆಯಲ್ಲಿ ಯಾರಿಗಾದರೂ ಇತ್ತಾ ಎಂದು ಹೊಸ ಕಂಪೌಂಡರ್ ಕೇಳಿದರು. ಅಪ್ಪನಿಗೆ ಇರಲಿಲ್ಲ, ಕಾರ್ಡು ನೋಡಿ ಎಂದೆ. ಹಾಗಾದರೆ ದುಃಖಕ್ಕೆ, ನಿದ್ದೆಗೆಟ್ಟಿದ್ದಕ್ಕೆ ಏರಿರುತ್ತದೆ ಎಂದು ಸಮಾಧಾನ ಹೇಳಿ 134 ಬರೆದುಕೊಂಡರು. ಜೂನ್ ಇಪ್ಪತ್ತಕ್ಕೆ ಮೇಲೆ ಹತ್ತುತ್ತೇನೆ. ಅಪ್ಪನ ಕ್ಯಾಬಿನ್ನನ್ನೇ ಕೊಟ್ಟಿದ್ದಾರೆ. ಈಗಿನಿಂದಲೇ ನೀರು ಕಡಿಮೆ ಕುಡಿದು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ಆಶೀರ್ವಾದ ಮಾಡಿ.

ನಿಮ್ಮ ಹದ್ದಿನ ಮಗಳು


ಜೂನ್ 5

ಮಗಳೇ,

ನನಗೆ ಜ್ವರ ಇರಲಿಲ್ಲ. ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ, ತಂಗಿಯ ಬಾಯಲ್ಲಿ ಸುಳ್ಳು ಹೇಳಿಸಿದೆ. ನನಗೆ ಅದು ಹೊಸದಲ್ಲ.

ನಿಮ್ಮಪ್ಪನಿಗೆ ಬಿಪಿ ಇತ್ತು. ಒಂಬತ್ತು ವರ್ಷದಿಂದ ಇತ್ತು. ನಾನು ಹೆಚ್ಚಿನ ತಿಂಗಳು ನೋಡಿದೆ, ಪ್ರತಿ ತಿಂಗಳೂ ರಿಜಿಸ್ಟರಿನಲ್ಲಿ ಬೇರೆಯದನ್ನು ಬರೆದೆ. ನಿಜವಾದ ಅಂಕಿಗಳನ್ನು ಪೆನ್ಸಿಲಿನಲ್ಲಿ ಒಂದು ಸಣ್ಣ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಯಾಕೆಂದು ಆಗ ಗೊತ್ತಿರಲಿಲ್ಲ. ಪ್ರಾಯಶಃ ಎಲ್ಲೋ ಒಂದು ಕಡೆಯಾದರೂ ಸತ್ಯ ಇರಲಿ ಎಂದು. ಆ ಪುಸ್ತಕವನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲನೆಯದು 172. ನಾನು ನಿವೃತ್ತನಾದ ತಿಂಗಳಿನದು 178. ನಡುವೆ ನೂರೈವತ್ತಕ್ಕಿಂತ ಕೆಳಗೆ ಬಂದದ್ದು ಎರಡೇ ಸಲ. ಕೆಲವು ತಿಂಗಳು ಖಾಲಿ ಇವೆ. ಆ ತಿಂಗಳು ನಾನು ಅವನ ತೋಳಿಗೆ ಪಟ್ಟಿಯನ್ನೇ ಕಟ್ಟಲಿಲ್ಲ.

ಬೆನ್ನು ನೋವಿಗೆ ಮಾತ್ರೆ ಕೊಟ್ಟವನೂ ನಾನೇ. ಡಾಕ್ಟರಮ್ಮನಿಗೆ ಅರ್ಥವಾಗದಿದ್ದದ್ದು ಇದೇ. ಅವರ ತಪ್ಪೇನೂ ಇಲ್ಲ, ನನ್ನ ಅಂದವಾದ ಅಕ್ಷರವನ್ನು ನಂಬಿದರು. ಮಾರ್ಚ್ ಆರರಂದು ಅವರಿಗೊಂದು ಪತ್ರ ಬರೆದೆ, ಲಕೋಟೆ ಅಂಟಿಸಿದೆ, ಅಂಚೆ ಡಬ್ಬಿಯವರೆಗೆ ಹೋದೆ. ನಿಮ್ಮಪ್ಪ ಬೇಡ ಎಂದಿದ್ದ, ನನಗೂ ಅದೇ ಬೇಕಾಗಿತ್ತು. ವಾಪಸು ತಂದು ಟ್ರಂಕಿನಲ್ಲಿ ಹಾಕಿದೆ. ಗೆಳೆಯನ ಮಾತು ಉಳಿಸಿದೆ ಎಂದು ಹೇಳಿಕೊಳ್ಳಬಹುದು. ಆದರೆ ನಾನು ಉಳಿಸಿಕೊಂಡದ್ದು ನನ್ನ ಗಡಿಯಾರವನ್ನು. ಆ ಪತ್ರವನ್ನು ಇವತ್ತು ಕಳಿಸಿದ್ದೇನೆ. ಯಾರ್ಡಿನ ಮೇಲಧಿಕಾರಿಗೂ ಒಂದು ಬರೆದಿದ್ದೇನೆ. ಪೆಟ್ಟಿಗೆಯಲ್ಲಿರುವ ಪತ್ರಗಳನ್ನು ನೀನು ಓದಬೇಕು.

ಈಗ ನಿನ್ನ ವಿಷಯ. ಆ 158 ಮಿಷಿನ್ನಿನ ತಪ್ಪಲ್ಲ, ಬರೀ ದುಃಖವೂ ಅಲ್ಲದಿರಬಹುದು. ಇದು ತಂದೆಯಿಂದ ಮಕ್ಕಳಿಗೆ ಬರುವಂಥದ್ದು. ಡಾಕ್ಟರು ಕೊಡುವ ಮಾತ್ರೆ ದಿನಾ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ, ಆಮೇಲೆ ನೀನು ನೆಮ್ಮದಿಯಾಗಿ ಮೇಲೆ ಹತ್ತಬಹುದು. ನೀರು ಕುಡಿ. ತಡೆದುಕೊಳ್ಳಬೇಡ. ಕ್ಯಾಬಿನ್ನಿಗೆ ಕಕ್ಕಸು ಬೇಕು ಎಂದು ಜಗಳ ಮಾಡು. ನಿಮ್ಮಪ್ಪನೂ ನಾನೂ ಮೂವತ್ತು ವರ್ಷ ಅದನ್ನು ನಗೆಯಾಡಿಕೊಂಡೇ ಕಳೆದೆವು, ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ನಿಲ್ಲಿಸು ಎನ್ನುವ ಸನ್ನೆಯನ್ನು ಯಾರು ಬೇಕಾದರೂ ಮಾಡಬಹುದು ಎಂದು ನಿಮ್ಮಪ್ಪ ಜನವರಿಯಲ್ಲಿ ಬರೆದಿದ್ದ. ನಾನು ಈಗ ಮಾಡುತ್ತಿದ್ದೇನೆ ತಾಯಿ. ಎರಡೂ ಕೈ ಅಗಲಿಸಿ ನಿಂತಿದ್ದೇನೆ. ಇಪ್ಪತ್ತಕ್ಕೆ ಹತ್ತಬೇಡ.

ಕ್ಷಮೆ ಕೇಳುವ ಮುಖ ನನಗಿಲ್ಲ.

ಕಂಪೌಂಡರ್


ಜೂನ್ 24

ಕಂಪೌಂಡರ್ ಅವರಿಗೆ,

ಪೆಟ್ಟಿಗೆ ತೆಗೆದು ಎಲ್ಲ ಪತ್ರಗಳನ್ನೂ ಓದಿದೆ. ಪೆನ್ಸಿಲಿನ ಪುಸ್ತಕವನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಅದನ್ನು ಯಾರ್ಡಿನ ಕಾರ್ಡಿನ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿದರು.

ನನ್ನ ಬಿಪಿ ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ನೋಡಿದರು. 156, 160, 154. ಹಾಗೆಯೇ ಬರೆಸಿದ್ದೇನೆ. ಮಾತ್ರೆ ಶುರು ಮಾಡಿದ್ದಾರೆ. ನಾನು ಕೆಳಗೇ ಇದ್ದೇನೆ. ಅಪ್ಪನ ಕ್ಯಾಬಿನ್ನಿನಲ್ಲಿ ಬೇರೆಯವರು ಕೂತಿದ್ದಾರೆ, ನಾನು ಅವರಿಗೆ ಸನ್ನೆ ಮಾಡುತ್ತೇನೆ.

ನಿಮ್ಮ ಸನ್ನೆ ಕಂಡಿತು. ನಿಲ್ಲಿಸಿದ್ದೇನೆ.

ಅಪ್ಪನಿಗೂ ಅದನ್ನು ಮಾಡಬಹುದಿತ್ತು ನೀವು. ಒಂಬತ್ತು ವರ್ಷ ನೀವು ಅವರಿಗೆ ಕೈಗೆಟುಕುವ ದೂರದಲ್ಲಿ ಕೂತಿದ್ದಿರಿ.

ಇನ್ನು ನಾನು ಬರೆಯುವುದಿಲ್ಲ. ನಿಮ್ಮ ಪತ್ರಗಳನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಅಪ್ಪ ಏಪ್ರಿಲ್‌ನಲ್ಲಿ ಬರೆದದ್ದಕ್ಕೆ ನಿಮ್ಮ ಉತ್ತರ ಬಂದಿದೆಯೇ ಎಂದು ದಿನಾ ಕೇಳುತ್ತಿದ್ದರು. ಕಟ್ಟಿನಲ್ಲಿ ಅದು ಇಲ್ಲ.

ಮಗಳು